ಅಂಗಳ ಮತ್ತು ಹಿತ್ತಿಲಿನ ವಿದ್ಯುತ್ ವಯರಿಂಗ್: ಒಂದು ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ಉಡುಪಿ ಸಮೀಪದ ಅಲೆವೂರಿನಲ್ಲಿರುವ ನಮ್ಮ ಮನೆಯ ಅಂಗಳ, ಹಿತ್ತಿಲು ಮತ್ತು ಬಾವಿಕಟ್ಟೆಯ ವಿದ್ಯುತ್ ವಯರಿಂಗನ್ನು ಕಳೆದ ವರ್ಷದ ಮಾರ್ಚ್ ತಿಂಗಳಿನಲ್ಲಿ ಬುಡದಿಂದ ಹೊಸದಾಗಿ ಮಾಡಿಸಿದೆವು. ಕೆಲಸ ಮುಗಿದ ಕೂಡಲೇ ವಿಮರ್ಶೆ ಬರೆಯುವ ಮನಸ್ಸಿತ್ತು. ಆದರೆ ನಮ್ಮ ಕರಾವಳಿಯಲ್ಲಿ ಹೊರಾಂಗಣದ ವಯರಿಂಗಿಗೆ ಪರೀಕ್ಷೆ ನಡೆಯುವುದು ಮಾರ್ಚ್‌ನ ಬಿಸಿಲಿನಲ್ಲಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ. ಆದ್ದರಿಂದ ಒಂದು ಮಳೆಗಾಲ ಪೂರ್ತಿ ಕಳೆಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ.

ಕೆಲಸ ಮಾಡಿಕೊಟ್ಟವರು ಪರ್ಕಳದ ಕಡೆಯ, ಸರ್ಕಾರದ ಪರವಾನಗಿ ಇರುವ ಒಬ್ಬ ವಿದ್ಯುತ್ ಗುತ್ತಿಗೆದಾರರು. ಅವರ ಜೊತೆ ಇಬ್ಬರೇ ಹುಡುಗರಿದ್ದಾರೆ. ಈಗಿರುವ ಕೆಲಸವನ್ನೇ ಸಮಯಕ್ಕೆ ಮುಗಿಸಿಕೊಡಲು ಆಗುತ್ತಿಲ್ಲ, ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದರಿಂದ ಹೆಸರು ಬರೆಯುತ್ತಿಲ್ಲ. ಅವರು ಯಾವ ಕ್ರಮದಲ್ಲಿ ಕೆಲಸ ಮಾಡಿದರು, ಯಾಕೆ ಹಾಗೆ ಮಾಡಿದರು ಎಂಬುದನ್ನು ವಿವರವಾಗಿ ಹೇಳಿದರೆ, ನೀವು ಯಾರಿಂದ ಕೆಲಸ ಮಾಡಿಸಿದರೂ ಅವರ ಮುಂದೆ ಇಡಬೇಕಾದ ಪ್ರಶ್ನೆಗಳು ನಿಮ್ಮ ಕೈಯಲ್ಲಿರುತ್ತವೆ.

ಮೊದಲು ನಮ್ಮ ಜಾಗದ ಸ್ಥಿತಿಯನ್ನು ಹೇಳಬೇಕು. ಒಟ್ಟು 30 ಸೆಂಟ್ಸ್ ಜಾಗ. ಮುಂದೆ ಅಂಗಳ ಮತ್ತು ತುಳಸಿಕಟ್ಟೆ, ಬಲಗಡೆಯಲ್ಲಿ ಮಲ್ಲಿಗೆಯ ಸಾಲು, ಹಿಂದೆ ಏಳು ತೆಂಗಿನ ಮರ, ಅದರಾಚೆ ಬಾವಿ. ಮನೆಯ ಮೀಟರ್ ಬೋರ್ಡಿನಿಂದ ಬಾವಿಯ ಪಂಪಿಗೆ ಅಳೆದರೆ 38 ಮೀಟರ್ ದೂರ. ಮಲ್ಲಿಗೆಗೆ ಹೆಸರಾದ ಶಂಕರಪುರ ನಮಗೆ ದೂರವಲ್ಲ. ಅಲ್ಲಿಂದ ತಂದು ನೆಟ್ಟ ಮಲ್ಲಿಗೆಯ ಗಿಡಗಳನ್ನು ಅಮ್ಮ ಮಕ್ಕಳ ಹಾಗೆ ಸಾಕಿದ್ದಾರೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಏಳು ಗಂಟೆಯೊಳಗೆ ಕೊಂಡುಹೋಗುವವರಿಗೆ ಕೊಡುತ್ತಾರೆ. ಹೀಗಾಗಿ ಕತ್ತಲೆಯಲ್ಲಿ, ಒದ್ದೆ ಮಣ್ಣಿನ ಮೇಲೆ, ಬರಿಗಾಲಿನಲ್ಲಿ ಓಡಾಡುವ ಒಬ್ಬರು ನಮ್ಮ ಹಿತ್ತಿಲಿನಲ್ಲಿ ವರ್ಷವಿಡೀ ಇರುತ್ತಾರೆ. ಈ ಒಂದು ಸಂಗತಿಯೇ ಇಡೀ ಕೆಲಸಕ್ಕೆ ಕಾರಣವಾಯಿತು.

ಅದಕ್ಕೂ ಹಿಂದಿನ ಜೂನ್‌ನಲ್ಲಿ ಒಂದು ಬೆಳಿಗ್ಗೆ, ಮಲ್ಲಿಗೆ ಸಾಲಿನ ಕಬ್ಬಿಣದ ದೀಪದ ಕಂಬಕ್ಕೆ ಕೈ ತಾಗಿದಾಗ ಅಮ್ಮನಿಗೆ ಮೊಣಕೈವರೆಗೆ ಜುಮ್ ಎಂದಿತು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಎರಡು ದಿನ ಬಿಟ್ಟು ಮಾತಿನ ಮಧ್ಯೆ ಹೇಳಿದರು. ಕೇಳಿದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಬೇರೊಬ್ಬರಿಂದ ಆ ದೀಪಗಳನ್ನು ಹಾಕಿಸಿದ್ದೆವು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಮನೆಯ ಬೋರ್ಡಿನಲ್ಲಿತ್ತು. ಮಳೆಗಾಲದಲ್ಲಿ ಅದು ಪದೇಪದೇ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಬಿದ್ದು ಲೈನ್ ಕಡಿಯುತ್ತದೆ ಎಂದು ದೂರಿದಾಗ ಅವರೇ ಬಂದು, ಅದನ್ನು ಬಿಟ್ಟು ನೇರವಾಗಿ ಲೈನ್ ಕೊಟ್ಟು, ಇನ್ನು ತೊಂದರೆ ಇಲ್ಲ ಎಂದು ಹೇಳಿಹೋಗಿದ್ದರು. ನಾವೂ ಖುಷಿಪಟ್ಟಿದ್ದೆವು. ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಕೂಗಿ ಹೇಳುತ್ತಿದ್ದ ಒಂದೇ ಸಾಧನದ ಬಾಯಿ ಮುಚ್ಚಿಸಿದ್ದೇವೆ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಹೊಸ ಗುತ್ತಿಗೆದಾರರು ಮೊದಲ ದಿನ ಬಂದಾಗ ಸಾಮಾನಿನ ಪಟ್ಟಿ ಕೊಡಲಿಲ್ಲ, ದರ ಹೇಳಲಿಲ್ಲ. ಆ ದೀಪಗಳ ಲೈನನ್ನು ಮೀಟರ್ ಬೋರ್ಡಿನಲ್ಲಿ ಪೂರ್ತಿ ಬಿಡಿಸಿ, ವಯರಿನ ಹೊದಿಕೆಯ ತಡೆ ಅಳೆಯುವ ಮೆಗ್ಗರ್ ಹಚ್ಚಿ ನೋಡಿದರು. 500 ವೋಲ್ಟಿನಲ್ಲಿ ಪರೀಕ್ಷಿಸಿದಾಗ ವಯರಿಗೂ ನೆಲಕ್ಕೂ ನಡುವೆ ಕನಿಷ್ಠ 1 ಮೆಗಾಓಮ್ ತಡೆ ಇರಬೇಕು. ನಮ್ಮಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ಆಮೇಲೆ ಅವರು ಮಲ್ಲಿಗೆ ಸಾಲಿನ ಎರಡನೇ ಕಂಬದ ಬುಡದಲ್ಲಿ ಕೈಯಿಂದಲೇ ಮಣ್ಣು ಸರಿಸಿದರು. ಒಂದು ಗೇಣು ಆಳದಲ್ಲೇ ತೆಳ್ಳಗಿನ ಪಿವಿಸಿ ಪೈಪ್ ಸಿಕ್ಕಿತು. ಪೈಪಿನ ತುಂಬ ಕೆಂಪು ನೀರು ನಿಂತಿತ್ತು. ಅದರೊಳಗಿನ ವಯರಿನ ಜೋಡಣೆಗೆ ಸುತ್ತಿದ್ದ ಕಪ್ಪು ಟೇಪ್ ಅಂಟಂಟಾಗಿ, ಹಣ್ಣಾದ ಹಲಸಿನ ಮೇಣದ ಹಾಗೆ ಬೆರಳಿಗೆ ಹಿಡಿಯಿತು. ಟೇಪ್ ಬಿಡಿಸಿದಾಗ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಅರ್ತ್ ವೈರ್ ಕಂಬದವರೆಗೆ ಬಂದಿತ್ತು, ಆದರೆ ಯಾವ ಸ್ಕ್ರೂವಿಗೂ ಕಟ್ಟಿರಲಿಲ್ಲ. ತುದಿಯನ್ನು ಮಡಚಿ ಒಳಗೆ ತುರುಕಿಟ್ಟಿದ್ದರು. ಅವರು ಆ ತುಂಡನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟು, "ಇದನ್ನು ಇಟ್ಟುಕೊಳ್ಳಿ ಸರ್, ದರ ಹೆಚ್ಚಾಯಿತು ಅಂತ ಅನಿಸಿದಾಗ ತೆಗೆದು ನೋಡಿ" ಎಂದರು. ಅದು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಆ ದಿನ ಅವರು ಜಗಲಿಯಲ್ಲಿ ಕೂತು ಹೇಳಿದ ವಿವರಣೆ ನನಗೆ ಬಹಳ ಉಪಯೋಗಕ್ಕೆ ಬಂತು. ಅರ್ತಿಂಗ್ ಇದ್ದರೆ ಸಾಕು, ಶಾಕ್ ಹೊಡೆಯುವುದಿಲ್ಲ ಎಂದು ನಾನೂ ನಂಬಿದ್ದವನು. ನಮ್ಮ ನೆಲ ಮುರಕಲ್ಲಿನದು. ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅದರ ವಿದ್ಯುತ್ ತಡೆ ಬಹಳ ಹೆಚ್ಚುತ್ತದೆ. ಅರ್ತಿಂಗಿನ ತಡೆ 12 ಓಮ್ ಇದೆ ಎಂದಿಟ್ಟುಕೊಂಡರೆ, 230 ವೋಲ್ಟಿನ ಫೇಸ್ ವಯರ್ ನೇರವಾಗಿ ಕಂಬಕ್ಕೆ ತಾಗಿದರೂ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 19 ಆಂಪಿಯರ್. ಮಿತಿಗಿಂತ ಹೆಚ್ಚು ಕರೆಂಟ್ ಹರಿದರೆ ಲೈನ್ ಕಡಿಯುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚು ಅಷ್ಟನ್ನು ಬಹಳ ಹೊತ್ತು ಸಹಿಸಿಕೊಂಡು ಸುಮ್ಮನಿರಬಲ್ಲದು. ಎಂಸಿಬಿ ಇರುವುದು ವಯರ್ ಸುಡದಿರಲಿ ಎಂದು, ಮನುಷ್ಯ ಉಳಿಯಲಿ ಎಂದಲ್ಲ. ಅಷ್ಟು ಹೊತ್ತೂ ಆ ಕಂಬದಲ್ಲಿ ಅಪಾಯದ ಕರೆಂಟ್ ಇದ್ದೇ ಇರುತ್ತದೆ, ಮನೆಯೊಳಗೆ ಫ್ಯಾನ್ ತಿರುಗುತ್ತಲೇ ಇರುತ್ತದೆ.

ಆರ್‌ಸಿಸಿಬಿ ಮಾಡುವ ಕೆಲಸ ಬೇರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಹಿಂದೆ ಬಂತೇ ಎಂದು ಅದು ಪ್ರತಿಕ್ಷಣವೂ ತೂಗಿ ನೋಡುತ್ತದೆ. 30 ಮಿಲಿಆಂಪಿಯರ್‌ನಷ್ಟು ಕಡಿಮೆ ಬಂದರೆ, ಆ ಪಾಲು ಮಣ್ಣಿಗೋ ಮನುಷ್ಯನ ಮೈಯೊಳಗೋ ಹರಿಯುತ್ತಿದೆ ಎಂದು ತಿಳಿದು ಲೈನನ್ನು ಕಡಿಯುತ್ತದೆ. ಅಷ್ಟು ಸೋರಿಕೆಗೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ, ಅದರ ಐದು ಪಟ್ಟು ಸೋರಿದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಕಡಿಯಬೇಕು ಎಂಬುದು ಅದರ ಮಾನದಂಡ. 100 ಅಥವಾ 300 ಮಿಲಿಆಂಪಿಯರಿನ ಆರ್‌ಸಿಸಿಬಿಗಳೂ ಅಂಗಡಿಯಲ್ಲಿ ಸಿಗುತ್ತವೆ, ನೋಡಲು ಒಂದೇ ಥರ ಇರುತ್ತವೆ. ಅವು ಬೆಂಕಿ ತಡೆಯಲು ಇರುವಂಥವು. ಮನುಷ್ಯರು ಮುಟ್ಟುವ ಲೈನಿಗೆ 30 ಮಿಲಿಆಂಪಿಯರಿನದೇ ಬೇಕು. ಕೊಳ್ಳುವಾಗ ಈ ಅಂಕಿಯನ್ನು ಡಬ್ಬಿಯ ಮೇಲಲ್ಲ, ಸಾಧನದ ಮುಖದ ಮೇಲೆ ಓದಿ ನೋಡಬೇಕು.

ಯೋಜನೆ ಹಾಕಲು ಅವರು 1,500 ರೂಪಾಯಿ ಬೇರೆಯಾಗಿ ತೆಗೆದುಕೊಂಡರು. ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ನಕ್ಷೆ ನಮ್ಮದೇ ಎಂಬ ಒಪ್ಪಂದ. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿದ್ದು ಇದೇ. ಎರಡು ಸಂಜೆ ಬಂದು, ಅಮ್ಮನ ಜೊತೆ ಹಿತ್ತಿಲಿನಲ್ಲಿ ನಡೆದಾಡಿ, ಅವರು ಎಲ್ಲಿ ಬಗ್ಗುತ್ತಾರೆ, ಬುಟ್ಟಿ ಎಲ್ಲಿಡುತ್ತಾರೆ, ಗೊಬ್ಬರ ಹಾಕಲು ಎಲ್ಲೆಲ್ಲಿ ಅಗೆಯುತ್ತಾರೆ, ದೀಪಾವಳಿಗೆ ಗೂಡುದೀಪ ಎಲ್ಲಿ ಕಟ್ಟುತ್ತೇವೆ, ವಾಹನ ತೊಳೆಯುವ ಪ್ರೆಶರ್ ವಾಷರನ್ನು ಎಲ್ಲಿಗೆ ಎಳೆಯುತ್ತೇವೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಗುದ್ದಲಿ ಬೀಳುವ ಜಾಗದಲ್ಲಿ ಕೇಬಲ್ ಹೋಗಬಾರದು, ಕೇಬಲ್ ಹೋಗುವ ದಾರಿಯಲ್ಲಿ ಮುಂದೆಯೂ ಗಿಡ ನೆಡಬಾರದು ಎಂಬ ಎರಡು ಮಾತಿನ ಮೇಲೆ ನಕ್ಷೆ ನಿಂತಿತು. ನೇರವಾಗಿ ಹೋದರೆ 38 ಮೀಟರ್ ಇದ್ದದ್ದು, ಕಾಂಪೌಂಡ್ ಗೋಡೆಯ ಬದಿಯಿಂದ ಬಳಸಿ 46 ಮೀಟರ್ ಆಯಿತು. ಆ ಹೆಚ್ಚುವರಿ ಎಂಟು ಮೀಟರಿನ ಖರ್ಚಿಗೆ ನಾನು ಆಗ ಮುಖ ಚಿಕ್ಕದು ಮಾಡಿದ್ದೆ. ಈಗ ಅಮ್ಮ ಎಲ್ಲಿ ಬೇಕಾದರೂ ಅಗೆಯುವುದನ್ನು ನೋಡುವಾಗ ಅದು ಸರಿಯಾದ ತೀರ್ಮಾನ ಎಂದು ಒಪ್ಪಿಕೊಳ್ಳುತ್ತೇನೆ.

ತೆಂಗಿನ ಮರದಿಂದ ಮರಕ್ಕೆ ವಯರ್ ಎಳೆದರೆ ಅಗೆಯುವ ಖರ್ಚು ಉಳಿಯುತ್ತದಲ್ಲ ಎಂದು ಕೇಳಿದ್ದೆ. ನಮ್ಮೂರಿನಲ್ಲಿ ಹತ್ತರಲ್ಲಿ ಎಂಟು ಮನೆಗಳಲ್ಲಿ ಪಂಪಿಗೆ ವಯರ್ ಹೋಗಿರುವುದು ಹೀಗೆಯೇ. ಅವರು ಸ್ಪಷ್ಟವಾಗಿ ಒಲ್ಲೆ ಎಂದರು. ಒಂದು ಒಣ ಗರಿ ಅಥವಾ ಕಾಯಿ ಬಿದ್ದರೆ ಸಾಕು, ವಯರ್ ತುಂಡಾಗಿ ಒದ್ದೆ ಹುಲ್ಲಿನಲ್ಲಿ ಮಲಗುತ್ತದೆ. ಕತ್ತಲೆಯಲ್ಲಿ ಹೂ ಕೊಯ್ಯಲು ಹೋಗುವವರಿಗೆ ಅದು ಕಾಣುವುದಿಲ್ಲ. ಗಾಳಿಗೆ ಮರ ಓಲಾಡುವಾಗ ಕಟ್ಟಿದ ಜಾಗದಲ್ಲಿ ವಯರಿನ ಹೊದಿಕೆ ತಿಕ್ಕಿ ಸವೆಯುತ್ತದೆ.

ಆದ್ದರಿಂದ ನೆಲದಡಿಯ ಕೇಬಲ್. ಪಂಪಿಗೆ 4 ಚದರ ಮಿಲಿಮೀಟರಿನ ಮೂರು ಕೋರಿನ ತಾಮ್ರದ ಆರ್ಮರ್ಡ್ ಕೇಬಲ್ ಹಾಕಿದರು, ಅಂದರೆ ಹೊದಿಕೆಯೊಳಗೆ ಉಕ್ಕಿನ ತಂತಿಯ ಕವಚ ಇರುವಂಥದ್ದು. 1 ಎಚ್‌ಪಿ ಪಂಪಿಗೆ ಇದು ಅತಿಯಾಯಿತಲ್ಲವೇ ಎಂದಾಗ ಲೆಕ್ಕ ಹಾಕಿ ತೋರಿಸಿದರು. ಪಂಪ್ ಓಡುವಾಗ ಎಳೆಯುವುದು ಸುಮಾರು 7 ಆಂಪಿಯರ್, ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದು ಪಟ್ಟು ಎಳೆಯಬಹುದು. ನೇರವಾಗಿ ಹೋಗಿದ್ದ ಹಳೆಯ 1.5 ಚದರ ಮಿಲಿಮೀಟರಿನ ವಯರಿನಲ್ಲಿ, ಹೋಗುವ ಬರುವ ದಾರಿ ಸೇರಿ 76 ಮೀಟರಿಗೆ, ಆ ಕ್ಷಣದಲ್ಲಿ 32 ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಏಪ್ರಿಲ್ ಸಂಜೆಗಳಲ್ಲಿ ಮನೆಗೆ ಬರುವ ವೋಲ್ಟೇಜೇ ಇಳಿದಿರುತ್ತದೆ. ಅದರಿಂದ ಇಷ್ಟು ಕಳೆದರೆ ಮೋಟಾರು ತಿರುಗಲಾರದೆ ಮುಲುಕಿ ಬಿಸಿಯಾಗುತ್ತದೆ. ನಮ್ಮ ಪಂಪಿನ ಕೆಪಾಸಿಟರ್ ಎರಡು ವರ್ಷಕ್ಕೊಮ್ಮೆ ಹಾಳಾಗುತ್ತಿದ್ದುದಕ್ಕೆ ಇದೂ ಕಾರಣವಿರಬೇಕು ಎಂದು ಆಗ ತಿಳಿಯಿತು. ಹೊಸ ಕೇಬಲಿನಲ್ಲಿ ದಾರಿ ಉದ್ದವಾದರೂ ಆ ಇಳಿತ ಅದರ ಅರ್ಧಕ್ಕೆ ಬಂದಿದೆ.

ಕಾಲುವೆ ತೋಡುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದಾಯಿತು. ಇಂಥ ಕೇಬಲನ್ನು 75 ಸೆಂಟಿಮೀಟರ್ ಆಳದಲ್ಲಿ ಹೂಳಬೇಕೆಂಬುದು ಭಾರತೀಯ ಮಾನಕದ ರೂಢಿ. ಗೋಡೆಯ ಬದಿಯಲ್ಲಿ ಅಷ್ಟು ಆಳ ಸುಲಭವಾಗಿ ಸಿಕ್ಕಿತು. ಆದರೆ ಬಾವಿಯ ಹತ್ತಿರ ಒಂದೂವರೆ ಅಡಿಯಲ್ಲೇ ಗಟ್ಟಿ ಮುರಕಲ್ಲು ಎದುರಾಯಿತು. ಪಿಕಾಸಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಲ್ಲಿ ಆಳ ಕಡಿಮೆ ಮಾಡಿದರು, ಆದರೆ ಕೇಬಲನ್ನು ಜಿಐ ಪೈಪಿನೊಳಗೆ ಹಾಯಿಸಿ ಮೇಲೆ ಕಾಂಕ್ರೀಟ್ ಹಾಕಿಸಿದರು. ಉಳಿದೆಡೆ ಕೆಳಗೆ ಒಂದು ಪದರ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಅದರ ಮೇಲೆ ಹೆಂಚು. ಹಳೆಯ ಕೊಟ್ಟಿಗೆಯ ಮಾಡಿನಿಂದ ಇಳಿಸಿ ಮೂಲೆಯಲ್ಲಿ ಪೇರಿಸಿಟ್ಟಿದ್ದ ಮಂಗಳೂರು ಹೆಂಚುಗಳು ಹೀಗೆ ಉಪಯೋಗಕ್ಕೆ ಬಂದವು. ಹೆಂಚಿನ ಮೇಲೆ ಅರ್ಧದಷ್ಟು ಮಣ್ಣು ಮುಚ್ಚಿ ಕೆಂಪು ಎಚ್ಚರಿಕೆ ಪಟ್ಟಿ ಹಾಸಿದರು. ನಾಳೆ ಯಾರಾದರೂ ಅಗೆದರೆ ಮೊದಲು ಪಟ್ಟಿ ಸಿಗುತ್ತದೆ, ಆಮೇಲೆ ಹೆಂಚಿನ ಸದ್ದು ಕೇಳುತ್ತದೆ. ಕಾರು ಹೋಗುವ ಜಾಗದಲ್ಲಿ ಮಾತ್ರ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು. ಬೋರ್ಡಿನಿಂದ ಪಂಪಿನವರೆಗೆ ನಡುವೆ ಎಲ್ಲಿಯೂ ಜೋಡಣೆ ಇಲ್ಲದ ಒಂದೇ ತುಂಡು ಕೇಬಲ್. ಮಣ್ಣಿನಡಿಯಲ್ಲಿ ಜೋಡಣೆ ಬೇಡವೇ ಬೇಡ ಎಂಬುದು ಅವರ ಹಠ. ನನ್ನ ಡ್ರಾಯರಿನಲ್ಲಿರುವ ತುಂಡನ್ನು ನೋಡಿದವರು ಆ ಹಠವನ್ನು ಪ್ರಶ್ನಿಸಲಾರರು. ನಮ್ಮ ಕಡೆ ಹೆಗ್ಗಣಗಳ ಕಾಟ ಬಹಳ, ಬರಿಯ ಪಿವಿಸಿ ವಯರನ್ನು ಕಚ್ಚಿ ಹಾಕುತ್ತವೆ. ಆರ್ಮರ್ಡ್ ಕೇಬಲಿನ ಉಕ್ಕಿನ ಕವಚದ ಮುಂದೆ ಅವುಗಳ ಹಲ್ಲು ನಡೆಯುವುದಿಲ್ಲ. ಆ ಕವಚವನ್ನೂ, ಕೇಬಲಿನ ತುದಿಯನ್ನು ಡಬ್ಬಿಗೆ ಬಿಗಿಯುವ ಗ್ಲ್ಯಾಂಡಿನ ಮೂಲಕ ಅರ್ತಿಂಗಿಗೆ ಕಟ್ಟಬೇಕು. ಗುದ್ದಲಿ ಆಕಸ್ಮಾತ್ ಕೇಬಲಿಗೆ ಹೊಕ್ಕರೂ ಮೊದಲು ತಾಗುವುದು ಅರ್ತ್ ಆದ ಉಕ್ಕು, ತಕ್ಷಣ ಲೈನ್ ಟ್ರಿಪ್ ಆಗುತ್ತದೆ.

ಬೋರ್ಡಿನ ವಿಂಗಡಣೆಯಲ್ಲಿ ಅವರು ತೋರಿಸಿದ ಜಾಣ್ಮೆಯನ್ನು ವಿಶೇಷವಾಗಿ ಹೇಳಬೇಕು. ಹೊರಾಂಗಣದ ಲೈನನ್ನು ಮನೆಯೊಳಗಿನ ಆರ್‌ಸಿಸಿಬಿಯ ನಂತರ ತೆಗೆಯದೆ, ಮೀಟರಿನ ನಂತರದ ಮೇನ್ ಸ್ವಿಚ್ಚಿನಿಂದಲೇ ಬೇರೆಯಾಗಿ ತೆಗೆದು, ಜಗಲಿಯ ಗೋಡೆಗೆ ಚಿಕ್ಕ ಬೋರ್ಡ್ ಕೂರಿಸಿದರು. ಪಂಪಿಗೊಂದು, ಹೊರಗಿನ ಸಾಕೆಟ್ಟುಗಳಿಗೊಂದು, ದೀಪಗಳಿಗೊಂದು ಹೀಗೆ ಮೂರು ಆರ್‌ಸಿಬಿಒ ಹಾಕಿದರು. ಆರ್‌ಸಿಬಿಒ ಎಂದರೆ ಎಂಸಿಬಿ ಮತ್ತು ಆರ್‌ಸಿಸಿಬಿಯ ಕೆಲಸಗಳೆರಡನ್ನೂ ಒಂದೇ ಡಬ್ಬಿಯಲ್ಲಿ ಮಾಡುವ ಸಾಧನ. ಮೂರೂ 30 ಮಿಲಿಆಂಪಿಯರಿನವು. ಹಿತ್ತಿಲಿನ ದೀಪಕ್ಕೆ ನೀರು ಹೊಕ್ಕರೆ ದೀಪದ ಲೈನ್ ಮಾತ್ರ ಹೋಗುತ್ತದೆ, ಮನೆಯ ಫ್ರಿಜ್ ನಿಲ್ಲುವುದಿಲ್ಲ, ಪಂಪ್ ನಿಲ್ಲುವುದಿಲ್ಲ. ಜನ ಆರ್‌ಸಿಸಿಬಿಯನ್ನು ತೆಗೆಸಿಹಾಕುವುದು ಅದು ಅಪಾಯವನ್ನು ಹೇಳುತ್ತದೆ ಎಂದಲ್ಲ, ಇಡೀ ಮನೆಯನ್ನು ಕತ್ತಲು ಮಾಡುತ್ತದೆ ಎಂದು. ಆ ಕಿರಿಕಿರಿಯನ್ನೇ ತೆಗೆದುಬಿಟ್ಟರೆ ಅದನ್ನು ತೆಗೆಸುವ ಆಸೆಯೂ ಹೋಗುತ್ತದೆ. ಮೂರು ಲೈನುಗಳ ನ್ಯೂಟ್ರಲನ್ನು ಒಂದಕ್ಕೊಂದು ಸೇರಿಸದೆ ಬೇರೆ ಬೇರೆಯಾಗಿಯೇ ಇಡಬೇಕು, ಇಲ್ಲವಾದರೆ ಯಾವ ದೋಷವೂ ಇಲ್ಲದೆ ಟ್ರಿಪ್ ಆಗುತ್ತಲೇ ಇರುತ್ತದೆ ಎಂದು ತಮ್ಮ ಹುಡುಗನಿಗೆ ಹೇಳುತ್ತಿದ್ದುದನ್ನೂ ಕೇಳಿಸಿಕೊಂಡೆ.

ಇದೇ ಬೋರ್ಡಿನಲ್ಲಿ ಸಿಡಿಲಿನ ಹೊಡೆತ ತಡೆಯಲು ಒಂದು ಸರ್ಜ್ ಪ್ರೊಟೆಕ್ಷನ್ ಸಾಧನವೂ ಇದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಯ ಗುಡುಗು ಸಿಡಿಲು ನಮ್ಮವರಿಗೆ ಹೊಸದಲ್ಲ. ಲೈನಿನಲ್ಲಿ ಬರುವ ಹೆಚ್ಚುವರಿ ವೋಲ್ಟೇಜನ್ನು ಅದು ನೆಲಕ್ಕೆ ಇಳಿಸುತ್ತದೆ. ನೇರವಾಗಿ ಬಡಿಯುವ ಸಿಡಿಲಿಗೆ ಅದು ಉತ್ತರವಲ್ಲ ಎಂದು ಅವರೇ ಹೇಳಿದರು.

ಮಲ್ಲಿಗೆ ಸಾಲಿನ ದೀಪಗಳಿಗೆ 230 ವೋಲ್ಟ್ ಬೇಡವೇ ಬೇಡ ಎಂದು ತೀರ್ಮಾನಿಸಿದ್ದು ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ. ಅಮ್ಮನ ಕೈ, ಸೀರೆಯ ಸೆರಗು, ನೀರಿನ ಪೈಪು ಎಲ್ಲವೂ ತಾಗುವ ಆ ಜಾಗದಲ್ಲಿ 12 ವೋಲ್ಟಿನ, ತಲಾ 3 ವ್ಯಾಟಿನ ಎಂಟು ಎಲ್‌ಇಡಿ ದೀಪಗಳಿವೆ. ಅವುಗಳಿಗೆ ವಿದ್ಯುತ್ ಕೊಡುವ ಡ್ರೈವರ್ ಜಗಲಿಯ ಮಾಡಿನಡಿಯಲ್ಲಿ, ಮಳೆ ಎರಚದ ಜಾಗದಲ್ಲಿದೆ. ಮಳೆಯಲ್ಲಿ ಒದ್ದೆಯಾಗಿ ದೀಪವೇ ಒಡೆದುಹೋದರೂ ಆ 12 ವೋಲ್ಟ್ ಅಮ್ಮನಿಗೆ ಏನೂ ಮಾಡಲಾರದು. ಕಡಿಮೆ ವೋಲ್ಟಿಗೆ ಅದರದೇ ಆದ ಒಂದು ತೊಡಕಿದೆ. ಎಂಟೂ ದೀಪಗಳನ್ನು 25 ಮೀಟರಿನ ಒಂದೇ 1.5 ಚದರ ಮಿಲಿಮೀಟರಿನ ವಯರಿನ ತುದಿಯಲ್ಲಿ ಕಟ್ಟಿದರೆ 1.2 ವೋಲ್ಟ್, ಅಂದರೆ ಹತ್ತನೇ ಒಂದು ಪಾಲು, ದಾರಿಯಲ್ಲೇ ಕಳೆದು ಕೊನೆಯ ದೀಪಗಳು ಮಂಕಾಗುತ್ತವೆ. ಅದಕ್ಕೆ ನಾಲ್ಕು ನಾಲ್ಕಾಗಿ ಎರಡು ವಯರ್ ಎಳೆದಿದ್ದಾರೆ. ಈಗ ಮೊದಲ ದೀಪಕ್ಕೂ ಕೊನೆಯ ದೀಪಕ್ಕೂ ಬೆಳಕಿನಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ.

ದೀಪ ಮತ್ತು ಡಬ್ಬಿಗಳನ್ನು ಕೊಳ್ಳುವಾಗ ಅವುಗಳ ಮೇಲಿನ ಐಪಿ ಅಂಕಿಯನ್ನು ನೋಡಲು ಕಲಿತೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 44 ಎಂದಿದ್ದರೆ ಎರಚಲು ತಡೆಯುತ್ತದೆ, 65 ಎಂದಿದ್ದರೆ ಪೈಪಿನಿಂದ ಬಿಟ್ಟ ನೀರನ್ನು ತಡೆಯುತ್ತದೆ, 67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗುವುದಿಲ್ಲ. ಮಾಡಿನಡಿಯ ಸಾಕೆಟ್ಟಿಗೆ 44 ಸಾಲಬಹುದು, ಆದರೆ ಅಡ್ಡಮಳೆ ಹೊಡೆಯುವ ನಮ್ಮ ಊರಿನಲ್ಲಿ ಅವರು ಎಲ್ಲ ಕಡೆಗೂ 65ಕ್ಕಿಂತ ಕಡಿಮೆ ಹಾಕಲಿಲ್ಲ. ನೆಲಮಟ್ಟದ ದೀಪಗಳು 67. ಅಂಕಿ ಎಷ್ಟೇ ದೊಡ್ಡದಿದ್ದರೂ ವಯರನ್ನು ಡಬ್ಬಿಯ ಮೇಲ್ಭಾಗದಿಂದ ಒಳಗೆ ಬಿಟ್ಟರೆ ನೀರು ವಯರನ್ನೇ ಹಿಡಿದು ಒಳಗೆ ಇಳಿಯುತ್ತದೆ. ಆದ್ದರಿಂದ ಎಲ್ಲ ಡಬ್ಬಿಗೂ ವಯರ್ ಕೆಳಗಿನಿಂದ, ಗ್ಲ್ಯಾಂಡ್ ಬಿಗಿದು, ಹೊರಗೆ ಸ್ವಲ್ಪ ಜೋತು ಬಿಟ್ಟು ಒಳಗೆ ಹೋಗಿದೆ. ಮಲ್ಪೆ, ಕಾಪು ಕಡೆಯ ಮನೆಗಳಿಗೆ ಉಪ್ಪುಗಾಳಿಯ ಕಾರಣದಿಂದ ಸ್ಕ್ರೂ, ಕ್ಲ್ಯಾಂಪ್ ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿನದೇ ಹಾಕುತ್ತಾರಂತೆ. ನಮಗೆ ಪ್ಲಾಸ್ಟಿಕ್ ಡಬ್ಬಿಗಳಿಗೆ ಮಾತ್ರ ಆ ಸ್ಕ್ರೂ ಸಾಕಾಯಿತು.

ಅರ್ತಿಂಗಿಗೆ ಹೊಸ ಗುಂಡಿ ತೋಡಿ, ಮೂರು ಮೀಟರಿನ ಪೈಪ್ ಇಳಿಸಿ ಅಳೆದಾಗ 14 ಓಮ್ ಬಂತು. ಸ್ವಲ್ಪ ದೂರದಲ್ಲಿ, ಬಚ್ಚಲು ನೀರು ಹೋಗಿ ಸದಾ ತಂಪಾಗಿರುವ ಬಾಳೆ ಗಿಡಗಳ ಹತ್ತಿರ, ಇನ್ನೊಂದು ಹಾಕಿ ಎರಡನ್ನೂ ಸೇರಿಸಿದ ಮೇಲೆ 6 ಓಮ್‌ಗೆ ಇಳಿಯಿತು. ಮಾರ್ಚ್‌ನ ಒಣ ನೆಲದಲ್ಲಿ ಅಳೆದ ಅಂಕಿಯನ್ನೇ ನಂಬಬೇಕು, ಮಳೆಗಾಲದಲ್ಲಿ ಎಲ್ಲರ ಅರ್ತಿಂಗೂ ಚೆನ್ನಾಗಿಯೇ ಕಾಣುತ್ತದೆ ಎಂಬ ಅವರ ಮಾತು ನೆನಪಿನಲ್ಲಿದೆ.

ಕೊನೆಯ ದಿನ ಒಂದು ಪರೀಕ್ಷಕ ಯಂತ್ರವನ್ನು ಹೊರಗಿನ ಸಾಕೆಟ್ಟಿಗೆ ಹಾಕಿ ನಿಜವಾಗಿಯೂ ಸೋರಿಕೆ ಉಂಟುಮಾಡಿ ತೋರಿಸಿದರು. ಸಾಕೆಟ್ಟಿನ ಆರ್‌ಸಿಬಿಒ 22 ಮಿಲಿಆಂಪಿಯರಿನಲ್ಲೇ ಟ್ರಿಪ್ ಆಯಿತು. ಅದರ ಮೇಲಿರುವ ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಸರಿಯಿದೆಯೇ ಎಂಬುದು ಮಾತ್ರ ತಿಳಿಯುತ್ತದೆ, ಅರ್ತಿಂಗ್ ಸರಿಯಿದೆಯೇ ಎಂಬುದು ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಎಲ್ಲ ಲೈನುಗಳ ಮೆಗ್ಗರ್ ಅಂಕಿ, ಅರ್ತಿಂಗಿನ ಓಮ್, ಟ್ರಿಪ್ ಆದ ಮಿಲಿಆಂಪಿಯರ್ ಮತ್ತು ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟರು. ಜೊತೆಗೆ ಪೆನ್ಸಿಲಿನಲ್ಲಿ ಬಿಡಿಸಿದ ಕೇಬಲ್ ದಾರಿಯ ನಕ್ಷೆ. ಕೇಬಲಿನ ಪ್ರತಿ ತಿರುವಿಗೂ ತುಳಸಿಕಟ್ಟೆಯ ಮೂಲೆಯಿಂದ ಎಷ್ಟು, ಬಾವಿಕಟ್ಟೆಯ ಅಂಚಿನಿಂದ ಎಷ್ಟು ಎಂದು ಎರಡೆರಡು ಅಳತೆ ಬರೆದಿದ್ದಾರೆ. ಕಟ್ಟೆಗಳು ಎಲ್ಲಿಗೂ ಹೋಗುವುದಿಲ್ಲವಲ್ಲ. ಅದನ್ನು ಲ್ಯಾಮಿನೇಟ್ ಮಾಡಿಸಿ ಬೋರ್ಡಿನ ಬಾಗಿಲಿನ ಒಳಗೆ ಅಂಟಿಸಿದ್ದೇನೆ.

ಜುಲೈ ಎರಡನೇ ವಾರದಲ್ಲಿ ಮೂರು ದಿನ ಬಿಡದೆ ಮಳೆ ಸುರಿದಾಗ ಸಾಕೆಟ್ಟಿನ ಲೈನ್ ಒಮ್ಮೆ ಟ್ರಿಪ್ ಆಯಿತು. ಮೊದಲಾಗಿದ್ದರೆ ಮನೆಯೆಲ್ಲ ಕತ್ತಲಾಗಿ, ಯಾರನ್ನೋ ಕರೆಸಿ, ಅವರು ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಈ ಸಲ ಸಾಕೆಟ್ಟಿನಲ್ಲಿ ಚುಚ್ಚಿಟ್ಟಿದ್ದ ಪ್ರೆಶರ್ ವಾಷರಿನ ಪ್ಲಗ್ ತೆಗೆದು ಆರ್‌ಸಿಬಿಒ ಎತ್ತಿದರೆ ಮತ್ತೆ ಟ್ರಿಪ್ ಆಗದೆ ನಿಂತಿತು. ಪ್ಲಗ್ ಒಳಗೆ ನೀರು ಹೋಗಿತ್ತು. ಮುಚ್ಚಳವಿರುವ ಸಾಕೆಟ್ಟಾದರೂ ಪ್ಲಗ್ ಚುಚ್ಚಿರುವಾಗ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ, ಅದು ನಮ್ಮದೇ ಅಜಾಗರೂಕತೆ. ಉಳಿದಂತೆ ಇಡೀ ಮಳೆಗಾಲದಲ್ಲಿ ಪಂಪಿನ ಲೈನಾಗಲಿ ದೀಪದ ಲೈನಾಗಲಿ ಒಮ್ಮೆಯೂ ಟ್ರಿಪ್ ಆಗಲಿಲ್ಲ. ನವೆಂಬರ್‌ನಲ್ಲಿ ಅವರು ತಾವಾಗಿಯೇ ಬಂದು ಮತ್ತೆ ಮೆಗ್ಗರ್ ಹಚ್ಚಿ, ಅದೇ ಹಾಳೆಯಲ್ಲಿ ಎರಡನೇ ಸಾಲು ಬರೆದು ಹೋದರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಎಂಟು ದಿನದ ಕೆಲಸ ಎಂದು ಹೇಳಿ ಇಪ್ಪತ್ತಮೂರು ದಿನ ತೆಗೆದುಕೊಂಡರು. ಎರಡು ಸಲ ಹೇಳದೆ ಬರಲಿಲ್ಲ, ತೋಡಿದ ಕಾಲುವೆ ಬಾಯಿ ತೆರೆದೇ ಉಳಿದು ಅಮ್ಮನಿಗೆ ಓಡಾಡಲು ಕಷ್ಟವಾಯಿತು. ಅಗೆಯುವಾಗ ಮಲ್ಲಿಗೆಯ ಹನಿ ನೀರಾವರಿ ಪೈಪನ್ನು ಹುಡುಗರು ಎರಡು ಕಡೆ ಕಡಿದರು. ಜೋಡಿಸಿಕೊಟ್ಟರು, ಆದರೆ ನಾವು ನೋಡಿ ಹೇಳುವವರೆಗೆ ಬಾಯಿಬಿಟ್ಟಿರಲಿಲ್ಲ. ಹಿತ್ತಿಲ ದೀಪದ ಸ್ವಿಚ್ಚನ್ನು ನನ್ನ ಎತ್ತರಕ್ಕೆ ಹಾಕಿಬಿಟ್ಟಿದ್ದರು, ಅಮ್ಮ ಕಾಲ ಬೆರಳ ಮೇಲೆ ನಿಲ್ಲಬೇಕಾಗುತ್ತಿತ್ತು. ಅಷ್ಟು ಪ್ರಶ್ನೆ ಕೇಳಿದವರು ಇದೊಂದನ್ನು ಕೇಳಲಿಲ್ಲ. ದೂರು ಹೇಳಿದ ಮರುದಿನ ಇಳಿಸಿಕೊಟ್ಟರು. ಸಾಮಾನಿನ ವಿಷಯದಲ್ಲಿ ಕಡಿಮೆ ದರದ ಪರ್ಯಾಯವನ್ನು ಅವರು ತಾವಾಗಿ ಹೇಳುವುದಿಲ್ಲ, ಬಿಲ್ಲಿನಲ್ಲಿ ಸಾಮಾನು ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಬರೆಸಲು ಎರಡು ಸಲ ಕೇಳಬೇಕಾಯಿತು.

ಕೇಬಲ್, ಬೋರ್ಡ್, ದೀಪ, ಎರಡು ಅರ್ತಿಂಗ್, ಅಗೆತದ ಕೂಲಿ ಎಲ್ಲ ಸೇರಿ ನಮಗೆ 68,000 ರೂಪಾಯಿ ಆಯಿತು. ಅದರಲ್ಲಿ ದೊಡ್ಡ ಪಾಲು ತಾಮ್ರದ ಕೇಬಲಿನದು. ಒಮ್ಮೆಗೇ ಅಷ್ಟು ಹಣ ಇಲ್ಲದವರು ಏನು ಮಾಡಬೇಕೆಂದು ಅವರನ್ನೇ ಕೇಳಿದ್ದೆ. ಮೊದಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಆಮೇಲೆ ಕಬ್ಬಿಣದ ಕಂಬ ಮತ್ತು ಪಂಪಿನ ಅರ್ತ್ ವೈರ್ ಕಟ್ಟಿದೆಯೇ ನೋಡಿಸಿ, ಕೇಬಲನ್ನು ಮುಂದಿನ ವರ್ಷ ಹೂಳಬಹುದು, ದೀಪವಂತೂ ಯಾವಾಗ ಬೇಕಾದರೂ ಆಗುತ್ತದೆ ಎಂದರು. ನಾಲ್ಕು ವರ್ಷದ ಹಿಂದೆ ನಾವು ಮಾಡಿದ್ದು ಸರಿಯಾಗಿ ಇದರ ತಿರುವುಮುರುವು, ದೀಪದ ಅಂದ ಮೊದಲು ನೋಡಿದ್ದೆವು.

ಮೀಟರಿನವರೆಗಿನ ಲೈನ್ ಮೆಸ್ಕಾಂನದ್ದು, ಅದರಲ್ಲಿ ತೊಂದರೆ ಕಂಡರೆ 1912ಕ್ಕೆ ಕರೆ ಮಾಡಬೇಕು. ಮೀಟರಿನ ನಂತರದ್ದೆಲ್ಲ ನಮ್ಮ ಹೊಣೆ. ಹಾಗಾಗಿ ಕೆಲಸಕ್ಕೆ ಬರುವವರ ಪರವಾನಗಿಯನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಇವರು ಕೇಳುವ ಮೊದಲೇ ತೆಗೆದು ತೋರಿಸಿದ್ದರು.

ಕೆಲಸದ ಗುಣಕ್ಕೆ ಐದರಲ್ಲಿ ಐದು, ಸಮಯಪಾಲನೆಗೆ ಐದರಲ್ಲಿ ಎರಡು ಕೊಡುತ್ತೇನೆ. ಇಂಥ ಕೆಲಸ ಮಾಡಿಸುವವರು ಜನವರಿಯಲ್ಲೇ ಮಾತಾಡಿ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಅಗೆತ ಶುರುವಾದರೆ, ಎಷ್ಟೇ ತಡವಾದರೂ ಮೇ ತಿಂಗಳ ಮೊದಲ ಮಳೆಗೆ ಮುನ್ನ ಕಾಲುವೆ ಮುಚ್ಚಿರುತ್ತದೆ, ಅರ್ತಿಂಗನ್ನೂ ಒಣ ನೆಲದಲ್ಲಿ ಅಳೆದ ಹಾಗಾಗುತ್ತದೆ.